ಬೀದಿಯ ಚಿತ್ರ ಮನೆಗೆ ಬರುತ್ತದಾ?

ಪ್ರಶ್ನೆ: ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನೋಡಲು ಕೊಚ್ಚಿಗೆ ಹೋಗಿದ್ದೆ. ಒಳಗೆ ನೋಡಿದ್ದಕ್ಕಿಂತ ಫೋರ್ಟ್ ಕೊಚ್ಚಿಯ ಓಣಿಯಲ್ಲಿ ಗೋಡೆ ಮೇಲಿದ್ದ ಒಂದು ಕಪ್ಪು ಬಿಳುಪು ಚಿತ್ರವೇ ಮನಸ್ಸಿನಲ್ಲಿ ನಿಂತಿತು. ಬರೆದವರ ಹೆಸರಿಲ್ಲ. ಅವರನ್ನು ಪತ್ತೆ ಮಾಡುವುದು ಹೇಗೆ? ಅವರ ಕೆಲಸ ಒಂದಾದರೂ ನನ್ನ ಹತ್ತಿರ ಇರಬೇಕೆಂಬ ಆಸೆ. ಶಾಲೆ ಮಾಷ್ಟ್ರ ಸಂಬಳಕ್ಕೆ ಇದು ಆಗುವ ಮಾತಾ?
— ಓದುಗರು, ಪೆರ್ಲ

ಉತ್ತರ: ಆಗುವ ಮಾತೇ ಮಾಷ್ಟ್ರೇ. ಮೊದಲು ಪತ್ತೆ ಕೆಲಸ ನೋಡುವ. ನೀವು ಫೋಟೊ ತೆಗೆದಿರುತ್ತೀರಿ, ಆದರೆ ಬಹುಶಃ ಚಿತ್ರದ್ದು ಮಾತ್ರ. ಇನ್ನೊಮ್ಮೆ ಹೋದರೆ ಪಕ್ಕದ ಅಂಗಡಿಯ ಬೋರ್ಡು, ಓಣಿಯ ತಿರುವು ಎಲ್ಲ ಬರುವ ಹಾಗೆ ದೂರದಿಂದ ಒಂದು ತೆಗೆಯಿರಿ. ಆಮೇಲೆ ಚಿತ್ರದ ಕೆಳಮೂಲೆ ನೋಡಿ. ಹೆಸರು ಹಾಕದವರೂ ಒಂದು ಗುರುತು ಬಿಟ್ಟಿರುವುದುಂಟು. ಅದರ ಹತ್ತಿರದ ಫೋಟೊ ಬೇಕೇ ಬೇಕು. ಗೂಗಲ್ ಲೆನ್ಸಿಗೆ ಹಾಕಿ. ಇನ್‌ಸ್ಟಾಗ್ರಾಂನಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಎಲ್ಲಿಯೂ ಸಿಗದಿದ್ದರೆ ಎದುರಿನ ಚಾಯದ ಅಂಗಡಿಯಲ್ಲಿ ಕೂತು ಕೇಳಿ. ಎಷ್ಟು ಹೊತ್ತಿಗೆ ಬಂದು ಬರೆದರೂ ಚಾಯದಂಗಡಿಯವರ ಕಣ್ಣು ತಪ್ಪಿಸುವುದು ಸುಲಭ ಅಲ್ಲ.

ಕೊಚ್ಚಿಯ ಬಿನಾಲೆ 2012ರಲ್ಲಿ ಶುರುವಾದದ್ದು. ಅದರ ಗಾಳಿ ಊರಿನ ಗೋಡೆಗಳಿಗೂ ಬೀಸಿದೆ. ‘ಗೆಸ್ ಹೂ’ ಎಂಬ ಹೆಸರಿನಲ್ಲಿ ಸ್ಟೆನ್ಸಿಲ್ ಚಿತ್ರ (ಕೊರೆದ ಹಾಳೆ ಗೋಡೆಗೆ ಹಿಡಿದು ಮೇಲೆ ಬಣ್ಣ ಹೊಡೆದದ್ದು) ಮಾಡುವವರು ಅಲ್ಲಿ ಹೆಸರುವಾಸಿ, ಆದರೆ ಮುಖ ತೋರಿಸಿದವರಲ್ಲ. ನೀವು ನೋಡಿದ್ದು ಆ ಹೆಸರಿನದೇ ಇರಬಹುದು, ಅದನ್ನು ನೋಡಿ ಕೈ ಪಳಗಿಸಿದ ಕಾಲೇಜು ಮಕ್ಕಳದ್ದೂ ಇರಬಹುದು. ಮುಖ ಮುಚ್ಚಿಕೊಂಡವರ ಮನೆ ಬಾಗಿಲು ಹುಡುಕುವ ಉಸಾಬರಿ ಮಾತ್ರ ಬೇಡ. ಮೆಸೇಜು ಕಳಿಸಲು ಒಂದು ಖಾತೆ ಸಿಕ್ಕಿದರೆ ಸಾಕು.

ಇನ್ನು ಕೊಳ್ಳುವ ವಿಚಾರ. ಬೀದಿಯಲ್ಲಿ ಇದ್ದದ್ದು ಬೀದಿಯಲ್ಲೇ ಮುಗಿಯುತ್ತದೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆಯ ಬೊಂಬೆ ಇಟ್ಟರಲ್ಲ, ಪಾಲಿಕೆ ಗುಂಡಿ ಮುಚ್ಚಿತು, ಮೊಸಳೆಯ ಕೆಲಸವೂ ಮುಗಿಯಿತು. ಆದರೆ ಬೀದಿಯಲ್ಲಿ ಬರೆಯುವ ಎಷ್ಟೋ ಜನ ಕೈಯಲ್ಲಿ ಹಿಡಿದು ಒಯ್ಯುವಂಥದ್ದನ್ನೂ ಮಾಡುತ್ತಾರೆ. ಸ್ಕ್ರೀನ್ ಪ್ರಿಂಟು (ಜಾಲರಿ ಬಟ್ಟೆಯ ಮೂಲಕ ಇಂಕು ಎಳೆದು ತೆಗೆದ ಪ್ರತಿ), ಸ್ಟಿಕ್ಕರು, ಸಣ್ಣ ಪುಸ್ತಕ, ಗೋಡೆಗೆ ಹೋಗುವ ಮೊದಲು ಹಾಕಿದ ಕರಡು. 2014ರಲ್ಲಿ ದೆಹಲಿ ಪೊಲೀಸ್ ಕೇಂದ್ರ ಕಚೇರಿಯ ಗೋಡೆಗೆ ಸುಮಾರು 150 ಅಡಿ ಎತ್ತರದ ಗಾಂಧಿ ಬಂದದ್ದು ನೆನಪಿದೆಯಾ? ಜರ್ಮನಿಯ ಹೆಂಡ್ರಿಕ್ ಬೈಕಿರ್ಷ್ ಜೊತೆ ಅದನ್ನು ಬರೆದವರು ಅನ್ಪು ವರ್ಕಿ. ಅವರು ಮಾತೇ ಇಲ್ಲದ ಚಿತ್ರಪುಸ್ತಕಗಳನ್ನೂ ಮಾಡಿದ್ದಾರೆ. ಪುಸ್ತಕ ಕೊಂಡರೂ ಅದು ಸಂಗ್ರಹವೇ, ಅಲ್ವಾ?

ನನ್ನ ಕೇಳಿದರೆ ಎಲ್ಲಕ್ಕಿಂತ ಚಂದ, ಉಪಯೋಗಿಸಿ ಬಿಟ್ಟ ಸ್ಟೆನ್ಸಿಲ್ ಹಾಳೆ. ಬ್ಲೇಡು ಎಲ್ಲಿ ಜಾರಿತು, ಸ್ಪ್ರೇ ಎಲ್ಲಿ ಜಾಸ್ತಿ ಆಯಿತು, ಎಲ್ಲ ಅದರಲ್ಲಿ ಕಾಣುತ್ತದೆ. ‘ಹಳೆ ಹಾಳೆ ಇದ್ದರೆ ಕೊಡುತ್ತೀರಾ, ಎಷ್ಟಾಗುತ್ತದೆ’ ಎಂದು ನೇರ ಕೇಳಿ. ಸಹಿ, ತಾರೀಕು ಹಾಕಿಸಿಕೊಳ್ಳಿ. ಹಣ ಕಳಿಸಿದ ರಶೀದಿ, ಆಡಿದ ಮೆಸೇಜು ತೆಗೆದಿಡಿ. ಮುಂದೆ ಯಾರಾದರೂ ಇದು ಅವರದೇ ಅಂತ ಹೇಗೆ ಗೊತ್ತು ಎಂದರೆ ತೋರಿಸಲು ಅದೇ ದಾಖಲೆ.

ಪ್ರಶ್ನೆ: ನನ್ನ ಭಾವ ದುಬೈಯಿಂದ ಬರುವಾಗ ಇಂಗ್ಲೆಂಡಿನ ಬೀದಿ ಕಲಾವಿದ ಬ್ಯಾಂಕ್ಸಿಯ ಬಲೂನು ಹುಡುಗಿಯ ಪ್ರಿಂಟು ತಂದಿದ್ದಾರೆ. ಕೆಳಗೆ 32/150 ಎಂದಿದೆ, ಸಹಿ ಇದೆ, ಸರ್ಟಿಫಿಕೇಟೂ ಇದೆ. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಆಯಿತಂತೆ. ಅಸಲಿಯಾ?
— ಓದುಗರು, ಉಪ್ಪಳ

ಉತ್ತರ: ಆ ರೇಟಿಗೆ ಅಸಲಿ ಸಿಗುವುದಿಲ್ಲ. ಭಾವನ ಹತ್ತಿರ ಹೇಳುವ ಮೊದಲು ಕಾರಣ ಗೊತ್ತಿರಲಿ.

ಆ ಚಿತ್ರ ಪ್ರಿಂಟಾಗಿ ಬಂದದ್ದು 2004–05ರಲ್ಲಿ. ಸಹಿ ಇರುವುದು 150, ಇಲ್ಲದ್ದು 600. 32/150 ಅಂದರೆ ಆ 150ರಲ್ಲಿ 32ನೆಯ ಪ್ರತಿ ಎಂದು ಲೆಕ್ಕ. ಸಹಿ ಇರುವ ಪ್ರತಿಗಳು ಹರಾಜಿನಲ್ಲಿ ಕೋಟಿ ರೂಪಾಯಿ ದಾಟಿವೆ. ಅದರದ್ದೇ ಒಂದು ಕ್ಯಾನ್ವಾಸು 2018ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಸುತ್ತಿಗೆ ಬಿದ್ದ ಕೂಡಲೇ, ಫ್ರೇಮಿನೊಳಗೆ ಅಡಗಿಸಿಟ್ಟ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಚೂರು ಚೂರಾಗಿ ಇಳಿಯಿತು. ಅರ್ಧಕ್ಕೆ ನಿಂತ ಅದೇ ಹರಕು 2021ರಲ್ಲಿ 1.85 ಕೋಟಿ ಪೌಂಡಿಗೂ ಜಾಸ್ತಿಗೆ ಹೋಯಿತು! ಇಷ್ಟೆಲ್ಲ ಆದ ಮೇಲೆ ನಕಲಿ ಹುಟ್ಟದೆ ಇರುತ್ತದಾ?

ಬ್ಯಾಂಕ್ಸಿಯ ಕೆಲಸಕ್ಕೆ ಸರ್ಟಿಫಿಕೇಟು ಕೊಡುವುದು ‘ಪೆಸ್ಟ್ ಕಂಟ್ರೋಲ್’ ಎಂಬ ಅವರದೇ ಕಚೇರಿ ಒಂದೇ. ಅವರ ಕಾಗದದಲ್ಲಿ ರಾಜಕುಮಾರಿ ಡಯಾನಾ ಮುಖದ ಹುಸಿ ಹತ್ತು ಪೌಂಡು ನೋಟಿನ ಹರಿದ ಅರ್ಧ ಇರುತ್ತದೆ, ಉಳಿದರ್ಧ ಅವರ ಹತ್ತಿರ. ಎರಡೂ ಅಂಚು ಕೂಡಬೇಕು. ಬೇರೆ ಯಾರು ಎಷ್ಟು ಮೊಹರು ಒತ್ತಿ ಕೊಟ್ಟರೂ ಅದು ಸುಮ್ನೆ ಕಾಗದ.

ಕುಂಬಳೆಯಲ್ಲಿ ಮದುವೆ ಕಾಗದ, ಯಕ್ಷಗಾನ ಆಟದ ನೋಟೀಸು ಅಂತ ಸ್ಕ್ರೀನಿನಲ್ಲಿ ಎಳೆದೇ ಜೀವನ ಮಾಡಿದವ ನಾನು. ಹಾಗಾಗಿ ಕೈ ಪರೀಕ್ಷೆ ಒಂದು ಹೇಳುತ್ತೇನೆ. ಬಲೂನಿನ ಕೆಂಪನ್ನು ಭೂತಗನ್ನಡಿಯಲ್ಲಿ ನೋಡಿ. ಸ್ಕ್ರೀನ್ ಪ್ರಿಂಟಾದರೆ ಕೆಂಪು ಒಂದೇ ಸಮ, ಅಂಚು ಕಡಿದ ಹಾಗೆ. ಬದಿಯಿಂದ ಬೆಳಕು ಬಿಟ್ಟರೆ ಇಂಕು ಕಾಗದದ ಮೇಲೆ ತುಸು ಎದ್ದು ಕೂತದ್ದೂ ಕಾಣಬಹುದು. ಪತ್ರಿಕೆ ಅಚ್ಚಾಗುವ ಆಫ್‌ಸೆಟ್ ಆದರೆ ಬೇರೆ ಬೇರೆ ಬಣ್ಣದ ಸಣ್ಣ ಚುಕ್ಕಿಗಳು ಸಾಲಾಗಿ ಸಿಗುತ್ತವೆ. ಇಂಕ್‌ಜೆಟ್ಟಿನಲ್ಲಿ ಎರಚಿದ ಹಾಗೆ ಚುಕ್ಕಿ. ನಂಬರು, ಸಹಿ ಕೂಡ ಪ್ರಿಂಟೇ ಆಗಿದ್ದರೆ ಅಲ್ಲಿಗೆ ಮುಗಿಯಿತು. ಆದರೆ ಸ್ಕ್ರೀನಿನಲ್ಲೇ ಎಳೆದ ನಕಲಿಗಳೂ ಉಂಟು. ಪರೀಕ್ಷೆಯಲ್ಲಿ ಪಾಸಾದರೆ ಅಸಲಿ ಎಂದು ಹೇಳಲಾಗದು, ಫೇಲಾದರೆ ನಕಲಿ ಅನ್ನುವುದಂತೂ ಖಂಡಿತ.

ಅಗ್ಗಕ್ಕೆ ಅಸಲಿ ಸಿಕ್ಕಿದ್ದೂ ಇದೆ ಮಾರಾಯ್ರೆ. 2013ರ ಅಕ್ಟೋಬರಿನಲ್ಲಿ ಬ್ಯಾಂಕ್ಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹತ್ತಿರ ಒಬ್ಬ ಮುದುಕನನ್ನು ಕೂರಿಸಿ ತನ್ನ ಸಹಿ ಇರುವ ಕ್ಯಾನ್ವಾಸುಗಳನ್ನು ತಲಾ 60 ಡಾಲರಿಗೆ ಮಾರಿಸಿದ. ಇಡೀ ದಿನದ ವ್ಯಾಪಾರ 420 ಡಾಲರ್. ಒಬ್ಬರು ಹೆಂಗಸು ಚೌಕಾಸಿ ಮಾಡಿ ಎರಡನ್ನು ಅರ್ಧ ರೇಟಿಗೆ ತಗೊಂಡರು. ನನಗೆ ಅವರ ಮೇಲೆ ಬಹಳ ಗೌರವ. ಹೆಸರು ನೋಡದೆ, ಮಕ್ಕಳಿಗೆ ಚಂದ ಕಂಡೀತು ಅಂತ ಕೊಂಡದ್ದು. ನಿಮ್ಮ ಭಾವನದ್ದೂ ಚಂದ ಕಂಡರೆ ಗೋಡೆಗೆ ಹಾಕಿ, ಯಾರಿಗೂ ಅಸಲಿ ಎಂದು ಮಾರಬೇಡಿ.

ಪ್ರಶ್ನೆ: ಹೆದ್ದಾರಿ 66 ಅಗಲ ಮಾಡುವಾಗ ನಮ್ಮಲ್ಲಿ ಎಷ್ಟೋ ಗೋಡೆ ಹೋಯಿತು. ಈಗ ಒಳರಸ್ತೆಯ ಒಂದು ಹಳೆ ಗೋಡೆ ಬೀಳಿಸುತ್ತಾರಂತೆ, ಅದರಲ್ಲೊಂದು ಒಳ್ಳೆಯ ಚಿತ್ರ ಇದೆ. ಕತ್ತರಿಸಿ ತರಬಹುದಾ?
— ಓದುಗರು, ಮಂಜೇಶ್ವರ

ಉತ್ತರ: ಗೋಡೆಯ ಯಜಮಾನರು ಒಪ್ಪದೆ ಮುಟ್ಟುವ ಹಾಗಿಲ್ಲ. ಒಪ್ಪಿದರೂ ಸಿಮೆಂಟಿನ ಗಾರೆ ಚಿತ್ರದ ಸಮೇತ ಹಪ್ಪಳದ ಹಾಗೆ ಒಡೆಯುತ್ತದೆ. ಕಲ್ಲಿನ ಸಮೇತ ಕೊಯ್ಯಲು ಹೊರಟರೆ ಖರ್ಚು ಗೋಡೆಗಿಂತ ಜಾಸ್ತಿ. ಮೋಡದ ದಿನ ನೆರಳಿಲ್ಲದ ಬೆಳಕಿನಲ್ಲಿ, ಪಕ್ಕದಲ್ಲಿ ಅಡಿಕೋಲು ಇಟ್ಟು ಫೋಟೊ ತೆಗೆಯಿರಿ. ಅಗಲ ಎತ್ತರ ಬರೆದಿಡಿ. ಆ ಫೋಟೊವನ್ನು ಟೀ ಶರ್ಟಿಗೆ ಹಾಕಿ ಮಾರಬೇಡಿ. ಗೋಡೆ ಯಾರದ್ದಾದರೂ ಚಿತ್ರದ ಹಕ್ಕು ಬರೆದವರದ್ದು, ನಮ್ಮ ಕಾನೂನಿನಲ್ಲಿ ಅವರು ತೀರಿಹೋದ ಮೇಲೂ 60 ವರ್ಷ ಇರುತ್ತದೆ.

ಕೀಳುವ ಆಸೆ ಹೊಸದಲ್ಲ. ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1980ರ ಹೊತ್ತಿಗೆ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಜಾಹೀರಾತು ಇಲ್ಲದ ಕಡೆ ಅಂಟಿಸಿದ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದ. ಹೆಸರು ಬಂತು, ಜನ ಕಾಗದ ಕಿತ್ತು ಮಾರಿದರು, 1985ರ ಹೊತ್ತಿಗೆ ಅವನು ಬರೆಯುವುದನ್ನೇ ಬಿಟ್ಟ. ಮರುವರ್ಷ ತಾನೇ ಅಂಗಡಿ ತೆರೆದು ಬ್ಯಾಡ್ಜು, ಪೋಸ್ಟರು ಮಾರಿದ.

ಪ್ರಶ್ನೆ: ಫ್ರೇಮು ಹಾಕಿಸಿದ ಪ್ರಿಂಟಿಗೆ ಪ್ರತಿ ಮಳೆಗಾಲ ಬೂಸ್ಟು ಬರುತ್ತದೆ. ಏನು ಮಾಡಲಿ?
— ಓದುಗರು, ನೀರ್ಚಾಲು

ಉತ್ತರ: ಪಡುವಣ ಗೋಡೆಯಿಂದ ಮೊದಲು ಇಳಿಸಿ. ನಮ್ಮಲ್ಲಿ ಮಳೆ ಹೊಡೆಯುವುದು ಅದಕ್ಕೇ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್ ಇರಬೇಕು, ಆಸಿಡ್ ಇಲ್ಲದ್ದು ಎಂದೇ ಕೇಳಿ. ಸೆಲ್ಲೋಟೇಪು ಹಾಕಲು ಬಿಡಬೇಡಿ, ಹಳದಿ ಕಲೆ ಹೋಗುವುದಿಲ್ಲ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಆಟಿಯಲ್ಲಿ ವಾರಕ್ಕೊಮ್ಮೆ ಇಳಿಸಿ ಹಿಂಬದಿ ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಇಳಿಸಿದಾಗ ಗೋಡೆಯಲ್ಲಿ ಒರಲೆ ಹತ್ತಿದೆಯಾ ಅಂತಲೂ ನೋಡಿ.