ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಟಿಕೆಟ್ಟಿನಲ್ಲಿ ಎರಡೂವರೆ ಗಂಟೆ ಅಂತ ಕಾಣ್ತಿದೆಯಲ್ಲ?

ಟಿಕೆಟ್ ಸರಿಯಾಗಿಯೇ ಇದೆ, ಗಾಬರಿ ಬೇಡ. ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ಸೋಮವಾರ ಸಂಜೆ 4.30ಕ್ಕೆ ಇಳಿಯೋದು ಅಂದರೆ ನಡುವೆ ನೀವು 16 ಗಂಟೆ ಹಾರಿರ್ತೀರಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. (ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಆಗ ಹನ್ನೆರಡೂವರೆ.) ವಾಪಸ್ ಬರುವಾಗ ಈ ಸಾಲ ತೀರಿಸಬೇಕು: ಸೋಮವಾರ ರಾತ್ರಿ 9ಕ್ಕೆ ಹೊರಟರೆ ಬೆಂಗಳೂರು ಮುಟ್ಟೋದು ಬುಧವಾರ ಬೆಳಗಿನ ಜಾವ. ನಮ್ಮಮ್ಮನಿಗೆ ಹಾಗೆಯೇ ಒಂದು ಅಂಗಾರಕ ಸಂಕಷ್ಟಿ ಆಕಾಶದಲ್ಲಿ ಕಳೆದುಹೋಯ್ತು. ಇವತ್ತಿಗೂ ನನ್ನ ಮೇಲೆ ಆ ದೂರು ಇದೆ.

ಇನ್ನು ದೂರ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದರೆ ಸುಮಾರು 14,000 ಕಿ.ಮೀ. ನಕ್ಷೆ ನೋಡಿ ನಾನು ದಾರ ಪೆಸಿಫಿಕ್ ಸಾಗರದ ಮೇಲೆ ಅಡ್ಡಡ್ಡ ಹೋಗುತ್ತೆ ಅಂದುಕೊಂಡಿದ್ದೆ. ಅದು ಉತ್ತರಕ್ಕೆ ಏರಿ ಹಿಮಾಲಯ, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತೆ! ಆದರೆ ವಿಮಾನ ದಾರದ ಮಾತು ಕೇಳೋದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕಡಿಮೆಯಾದರೆ ತಕ್ಷಣ 10,000 ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಜೊತೆಗೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಇದೆ. ಪೂರ್ವಕ್ಕೆ ಹೋಗುವಾಗ ಅದು ಬೆನ್ನಿಗೆ ಸಿಗಲಿ ಅಂತ ಸುತ್ತಿನ ದಾರಿಯಾದರೂ ಹಿಡೀತಾರೆ. ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 2021ರ ಜನವರಿ 11ರಂದು ಬೆಂಗಳೂರಿಗೆ ಬಂತಲ್ಲ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ ಇದ್ದದ್ದು, ಅದು ಉತ್ತರ ಧ್ರುವದ ಮೇಲೆ ಹಾದು ಸುಮಾರು 16,000 ಕಿ.ಮೀ. ಹಾರಿತ್ತು. ಹತ್ತಿರ ಹತ್ತಿರ 17 ಗಂಟೆ.

ನಡುವೆ ಇಳಿದು ಹೋಗೋದಾದರೆ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಹದಿನಾರು. ಫ್ರಾಂಕ್‌ಫರ್ಟ್ ದಾರಿ ಹತ್ತು, ಹನ್ನೊಂದು ಅಂತ ಸರಿಸುಮಾರು ಅರ್ಧರ್ಧ. ವಯಸ್ಸಾದವರಿಗೆ ಇದೇ ವಾಸಿ ಅನ್ನೋದು ನನ್ನ ಅನುಭವ, ಹದಿನಾರು ಗಂಟೆ ಒಂದೇ ಸಮ ಕೂತು ಅಮ್ಮನ ಕಾಲು ಬಾತುಕೊಂಡಿತ್ತು. ಕಾಯುವ ಹೊತ್ತೂ ಸೇರಿ ಮನೆಯಿಂದ ಮನೆಗೆ ಮೂವತ್ತು ಗಂಟೆ ಇಟ್ಕೊಳ್ಳಿ.

ವಿಮಾನ ಬದಲಿಸಲು ಮೂರು ಗಂಟೆಯಾದರೂ ಇರಲಿ. ನನಗೊಮ್ಮೆ ಒಂದೂಕಾಲು ಗಂಟೆ ಸಿಕ್ಕಿತ್ತು. ನಾನು ಓಡಿ ವಿಮಾನ ಹಿಡಿದೆ, ಸೂಟ್‌ಕೇಸು ಹಿಡಿಯಲಿಲ್ಲ. ಎರಡು ದಿನ ಬಿಟ್ಟು ಬಂತು, ಚಟ್ನಿಪುಡಿಯೆಲ್ಲ ಬಟ್ಟೆ ಮೇಲೆ.