ಓದುಗರ ಪ್ರಶ್ನೆ: ಸಾಕಿದ ಇರುವೆಗೆ ಎಂಥ ಗೂಡು ಕೊಳ್ಳಬೇಕು?

ಪ್ರಶ್ನೆ: ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ ತಾರಸಿಯ ಮೇಲೆ ರೆಕ್ಕೆ ಉದುರಿಸಿಕೊಂಡು ಓಡಾಡುತ್ತಿದ್ದ ದೊಡ್ಡ ಗೊದ್ದವೊಂದನ್ನು ಏಳನೆಯ ತರಗತಿಯ ನನ್ನ ಮಗಳು ಟೆಸ್ಟ್ ಟ್ಯೂಬಿನಲ್ಲಿ ಇಟ್ಟು ಸಾಕುತ್ತಿದ್ದಾಳೆ. ಅದು ಮೊಟ್ಟೆಯಿಟ್ಟು, ಈಗ ಎಂಟು ಹತ್ತು ಇರುವೆಗಳಾಗಿವೆ. ಆನ್‌ಲೈನಿನಲ್ಲಿ ಅಕ್ರಿಲಿಕ್, ಪ್ಲಾಸ್ಟರ್, ಜೆಲ್ ಎಂದು ಹಲವು ಬಗೆಯ ಸಿದ್ಧ ಗೂಡುಗಳು ಸಿಗುತ್ತವೆ. ದಸರಾ ರಜೆಗೆ ಒಂದನ್ನು ಕೊಡಿಸಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಮಗಳು ಹಿಡಿದಿರುವುದು ರಾಣಿ ಇರುವೆ, ಅದನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದಿರುವುದಕ್ಕೆ ಆಕೆಯನ್ನು ಮೆಚ್ಚಲೇಬೇಕು. ಆದರೆ ದಸರೆಗೇ ಗೂಡು ಕೊಳ್ಳುವ ಅವಸರ ಬೇಡ. ಎಂಟು ಹತ್ತು ಇರುವೆಗಳನ್ನು ದೊಡ್ಡ ಗೂಡಿಗೆ ಬಿಟ್ಟರೆ ಅವು ಒಂದು ಮೂಲೆಯಲ್ಲಿ ವಾಸಮಾಡಿ, ಉಳಿದ ಕೋಣೆಗಳಲ್ಲಿ ತಿಂದುಳಿದ ಹುಳುಗಳನ್ನೂ ಕಸವನ್ನೂ ಗುಡ್ಡೆಹಾಕುತ್ತವೆ. ನಿಮ್ಮ ಕೈಗೆಟುಕದ ಆ ಕಸಕ್ಕೆ ಬೂಷ್ಟು ಹಿಡಿಯುತ್ತದೆ. ಇಪ್ಪತ್ತೈದು ಮೂವತ್ತು ಇರುವೆಗಳಾಗುವವರೆಗೆ ಟೆಸ್ಟ್ ಟ್ಯೂಬೇ ಸಾಕು. ಟ್ಯೂಬಿನ ತಳದಲ್ಲಿ ನೀರನ್ನು ತಡೆದಿಟ್ಟಿರುವ ಹತ್ತಿ ಕಪ್ಪಾದರೆ ಅಥವಾ ಆ ನೀರು ಮುಗಿಯುತ್ತ ಬಂದರೆ, ಹಾಗೆಯೇ ತಳದಲ್ಲಿ ನೀರು, ಹತ್ತಿ ಇಟ್ಟ ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಸೇರಿಸಿ ಇಟ್ಟು, ಹಳೆಯದನ್ನು ಬೆಳಕಿಗೆ ಬಿಟ್ಟು ಹೊಸದನ್ನು ಬಟ್ಟೆಯಿಂದ ಮುಚ್ಚಿರಿ. ಇರುವೆಗಳು ತಾವಾಗಿಯೇ ಸ್ಥಳ ಬದಲಿಸುತ್ತವೆ.

ಕೊಳ್ಳುವ ಹೊತ್ತು ಬಂದಾಗ ಗೂಡಿನ ಅಂದಕ್ಕಿಂತ ಮೊದಲು ನೋಡಬೇಕಾದದ್ದು ತೇವದ ವ್ಯವಸ್ಥೆಯನ್ನು. ಗೊದ್ದವು ಮರದ ಬುಡದ ಮಣ್ಣಿನಲ್ಲಿ ಗೂಡು ಮಾಡುವ ಇರುವೆಯಾದ್ದರಿಂದ, ಮೇಲೆ ಒಣಗಿ ಕೆಳಗೆ ತಣ್ಣಗಿರುವ ನೆಲ ಅದಕ್ಕೆ ಅಭ್ಯಾಸವಾಗಿರುತ್ತದೆ. ಆದ್ದರಿಂದ ಒಂದು ತುದಿಯಲ್ಲಿ ಮಾತ್ರ ನೀರು ಹಾಕುವ ಸ್ಪಂಜೋ ತೊಟ್ಟಿಯೋ ಇದ್ದು, ಇನ್ನೊಂದು ತುದಿ ಒಣಗಿಯೇ ಉಳಿಯುವ ಗೂಡನ್ನು ಆರಿಸಿರಿ. ಇರುವೆಗಳು ಮೊಟ್ಟೆ, ಮರಿಹುಳುಗಳನ್ನು ತೇವವಿರುವ ಕಡೆಗೂ ಮೈಸುತ್ತ ನೂಲಿನ ಗೂಡು ಕಟ್ಟಿಕೊಂಡ ಪೊರೆಹುಳುಗಳನ್ನು (ಪ್ಯೂಪಾ) ಒಣಕಡೆಗೂ ಹೊತ್ತು ಸಾಗಿಸುವುದನ್ನು ನೋಡಿದರೆ, ಎಲ್ಲಿ ಎಷ್ಟು ನೀರು ಬೇಕೆಂಬುದು ನಿಮಗೂ ತಿಳಿಯುತ್ತದೆ.

ಜೆಲ್ ಗೂಡನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಇರುವೆಗಳು ಕೊರೆಯುವ ನೆಲವೂ ತಿನ್ನುವ ಆಹಾರವೂ ಜೆಲ್ಲೇ. 2003ರ ಜನವರಿಯಲ್ಲಿ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆಯಲ್ಲಿ ಶಾಲಾ ಮಕ್ಕಳ ಪ್ರಯೋಗಕ್ಕಾಗಿ ಇರುವೆಗಳನ್ನು ಜೆಲ್ ತುಂಬಿದ ಪೆಟ್ಟಿಗೆಯಲ್ಲಿ ಕಳುಹಿಸಲಾಗಿತ್ತು. ಕೆಲವು ದಿನಗಳ ಪ್ರಯೋಗಕ್ಕೆ, ರಾಣಿಯಿಲ್ಲದ ಕೆಲಸಗಾರ ಇರುವೆಗಳಿಗೆ ಅದು ಆದೀತು. ಮರಿಹುಳು ಬೆಳೆಯಲು ಬೇಕಾದ ಪ್ರೋಟೀನು ಅದರಲ್ಲಿ ಸಿಗುವುದಿಲ್ಲ, ಸಂಸಾರ ಬೆಳೆಯುವುದಿಲ್ಲ.

ಇಡೀ ಗೂಡು ಅಕ್ರಿಲಿಕ್‌ನದಾದರೆ ಒಳಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ, ತೊಳೆಯುವುದೂ ಸುಲಭ. ಆದರೆ ಅದು ನೀರು ಹೀರುವುದಿಲ್ಲವಾಗಿ ಗೋಡೆಯಲ್ಲಿ ಹನಿಗಟ್ಟುತ್ತದೆ. ಇಡೀ ಪ್ಲಾಸ್ಟರಿನ ಗೂಡು ತೇವವನ್ನು ಚೆನ್ನಾಗಿ ಹಿಡಿದರೂ, ನಮ್ಮ ಮಳೆಗಾಲದಲ್ಲಿ ಒಣಗದೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾದ ಪ್ಲಾಸ್ಟರನ್ನು ಇರುವೆಗಳು ಕೊರೆಯಲೂಬಹುದು. ಹೀಗಾಗಿ ಹೊರಮೈ ಅಕ್ರಿಲಿಕ್, ಕೋಣೆಗಳ ನೆಲ ಪ್ಲಾಸ್ಟರ್ ಅಥವಾ ಕಟ್ಟಡಕ್ಕೆ ಬಳಸುವಂಥ ಹಗುರ ಕಾಂಕ್ರೀಟ್ ಬ್ಲಾಕಿನದಾಗಿರುವ ಗೂಡೇ ನಮ್ಮ ಕಡೆಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೆಲ ನುಣುಪಾಗಿರಬಾರದು ಎನ್ನಲು ಇನ್ನೊಂದು ಕಾರಣವೂ ಇದೆ: ಗೊದ್ದದ ಮರಿಹುಳು ರೇಷ್ಮೆಹುಳುವಿನಂತೆ ಮೈಸುತ್ತ ನೂಲಿನ ಗೂಡು ಕಟ್ಟುತ್ತದೆ, ಅದಕ್ಕೆ ಆಧಾರ ಬೇಕು. ಜರಡಿ ಹಿಡಿದ ಮರಳನ್ನು ಒಂದು ಚಿಟಿಕೆ ಹಾಕಿದರೆ ಕೆಲಸಗಾರ ಇರುವೆಗಳು ಮರಿಹುಳುವಿನ ಸುತ್ತ ಕಣ ಕಣವಾಗಿ ಪೇರಿಸುತ್ತವೆ. ನೂಲಿನ ಕೆಲಸ ಮುಗಿದ ಮೇಲೆ ಅದೇ ಕಣಗಳನ್ನು ಬಿಡಿಸಿ ತೆಗೆಯುತ್ತವೆ.

ಗೂಡು ಮನೆಗೆ ಬಂದ ಮೇಲೆ ಗಾಜಿಗೂ ಚೌಕಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡನ್ನು ತೂರಿಸಿ ನೋಡಿ; ಅದು ಒಳಗೆ ಹೋಗುವಷ್ಟು ಸಂದಿದ್ದರೆ ಹಿಂದಿರುಗಿಸಿರಿ. ಮೊದಲ ಪೀಳಿಗೆಯ ಇರುವೆಗಳು ಬಹಳ ಚಿಕ್ಕವು. ಗೂಡಿನಿಂದ ಹೊರಗಿನ ಅಂಗಳಕ್ಕೆ ಹೋಗುವ ಕೊಳವೆಯ ಒಳವ್ಯಾಸ ಮಾತ್ರ ಸುಮಾರು 10 ಮಿಲಿಮೀಟರಾದರೂ ಇರಲಿ, ಮುಂದೆ ಹುಟ್ಟುವ ದಪ್ಪತಲೆಯ ಇರುವೆಗಳಿಗೂ ರಾಣಿಗೂ ಅಷ್ಟು ಬೇಕು. ಗೂಡಿಗೆ ಹೊಂದಿಕೊಂಡು, ಆಹಾರ ಇಡಲು ತೆರೆದ ಅಂಗಳವೊಂದು ಇರಲೇಬೇಕು. ಗಾಜಿನ ಮೇಲೆ ಕೆಂಪು ಹಾಳೆ ಹೊದಿಸಿದರೆ ಇರುವೆಗಳಿಗೆ ಬಹುಮಟ್ಟಿಗೆ ಕತ್ತಲೆ, ನೋಡುವವರಿಗೆ ಬೆಳಕು. ಗೂಡನ್ನು ಕಿಟಕಿಯ ಬಿಸಿಲಿನಲ್ಲಿ ಎಂದಿಗೂ ಇಡಬೇಡಿ. ಮುಚ್ಚಿದ ಪೆಟ್ಟಿಗೆ ಬೇಗನೆ ಕಾದು ಇಡೀ ಸಂಸಾರ ಸಾಯುತ್ತದೆ.

ಗೂಡಿನ ಜೊತೆಗೆ ಬೇರೆ ದೇಶದ ಇರುವೆಗಳನ್ನು ಮಾರುವವರಿದ್ದರೆ ಅವನ್ನು ಕೊಳ್ಳಬೇಡಿ. ತಪ್ಪಿಸಿಕೊಂಡ ಪರದೇಶದ ಇರುವೆ ಇಲ್ಲಿನ ಹೊಲಗದ್ದೆಗೆ ಪೀಡೆಯಾಗಬಲ್ಲದು.

ಪ್ರಶ್ನೆ: ನಮ್ಮ ಮಾವಿನ ಮರದಲ್ಲಿರುವ ಕೆಂಜಿಗಗಳನ್ನು ಇಂಥ ಗೂಡಿನಲ್ಲಿ ಸಾಕಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಕಲಾಗದು. ಕೆಂಜಿಗ ಕೋಣೆಗಳಲ್ಲಿ ಬಾಳುವ ಇರುವೆಯಲ್ಲ. ಹಸಿ ಎಲೆಗಳನ್ನು ಬಳಿಗೆಳೆದು, ಮರಿಹುಳುವನ್ನು ಬಾಯಲ್ಲಿ ಹಿಡಿದು ಅದು ಬಿಡುವ ನೂಲಿನಿಂದ ಹೊಲಿದು ಗೂಡು ಕಟ್ಟುತ್ತದೆ. ಒಂದೇ ಸಂಸಾರದ ಗೂಡುಗಳು ಹಲವು ಮರಗಳಿಗೆ ಹರಡಿರುವುದೂ ಉಂಟು. ಒಂದು ಗೂಡನ್ನು ಕಿತ್ತು ತಂದರೆ ಅದರಲ್ಲಿ ರಾಣಿ ಇರುವ ಸಂಭವ ಕಡಿಮೆ, ರಾಣಿಯಿಲ್ಲದ ಇರುವೆಗಳು ಕ್ರಮೇಣ ಸಾಯುತ್ತವೆ. ಅವುಗಳನ್ನು ಮರದಲ್ಲೇ ಬಿಟ್ಟು, ಹೊಸ ಚಿಗುರು ಬಂದಾಗ ಎಲೆ ಹೊಲಿಯುವುದನ್ನು ಬೆಳಗಿನ ಹೊತ್ತು ಸ್ವಲ್ಪ ದೂರದಿಂದ ನೋಡಿರಿ.