ಬೂಷ್ಟು ಹಿಡಿದ ಅಮೃತಬಳ್ಳಿಯ ಕಷಾಯ ಕುಡಿಯಬಹುದಾ?

ಪ್ರಶ್ನೆ: ಔಷಧಿ ಗಿಡಗಳ ಒಳಗೆ ಇರುವ ಶಿಲೀಂಧ್ರದಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತ ಎಲ್ಲೋ ಓದಿದೆ. ಕೊಯ್ದಿಟ್ಟ ಅಮೃತಬಳ್ಳಿಗೆ ಮಳೆಯ ಥಂಡಿಗೆ ಬೂಷ್ಟು ಬಂದಿದೆ. ಹಾಗೇ ಕಷಾಯ ಮಾಡಿದರೆ ಗುಣ ಜಾಸ್ತಿನಾ?
– ಓದುಗರು, ಮುಂಡರಗಿ

ಉತ್ತರ: ಬೇಡ್ರೀ, ಮೊದಲು ಅದನ್ನು ತಿಪ್ಪೆಗೆ ಹಾಕಿ. ನಿಮ್ಮ ಕಡೆ ಶೇಂಗಾ ಬೆಳೆಯುವವರಿಗೆ ಅಫ್ಲಾಟಾಕ್ಸಿನ್ ಗೊತ್ತಿರುತ್ತದೆ. ಬೂಷ್ಟು ಬಿಡುವ ಅಂಥ ವಿಷ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ನೀವು ಓದಿದ ಶಿಲೀಂಧ್ರ ಬೇರೆ. ಅದು ಎಲೆ, ತೊಗಟೆ, ಬೇರಿನ ಒಳಗೇ ಇರುತ್ತದೆ, ಗಿಡಕ್ಕೆ ರೋಗ ತರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅದನ್ನು ಹೊರಗೆ ತೆಗೆಯುವುದೇ ಒಂದು ಕಸುಬು. ಎಲೆಯನ್ನು ಸ್ಪಿರಿಟ್ಟಿನಲ್ಲಿ, ಆಮೇಲೆ ಬ್ಲೀಚ್ ದ್ರಾವಣದಲ್ಲಿ ಅದ್ದಿ ಹೊರಗಿನ ಬೂಷ್ಟನ್ನೆಲ್ಲ ಕೊಲ್ಲುತ್ತಾರೆ, ತೊಳೆದ ಕೊನೆಯ ನೀರನ್ನೂ ಒಂದು ತಟ್ಟೆಗೆ ಹಾಕಿ ಅದರಲ್ಲಿ ಏನೂ ಬೆಳೆಯಲಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಎಲೆ ಚೂರನ್ನು ಆಲೂಗಡ್ಡೆ ರಸದ ಅಗರ್, ಅಂದರೆ ಶಿಲೀಂಧ್ರ ಬೆಳೆಸುವ ಜೆಲ್ಲಿ, ಅದರ ಮೇಲೆ ಇಡುತ್ತಾರೆ. ಕೆಲವು ದಿನಕ್ಕೆ ಕತ್ತರಿಸಿದ ಅಂಚಿನಿಂದ ಬಿಳಿ ಎಳೆ ಹೊರಬರುತ್ತದೆ. ಅದೇ ಅಸಲಿ ಆಸಾಮಿ.

ಅದನ್ನು ಬೆಳೆಸಿ, ಸಾರ ತೆಗೆದು, ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಹಾಕುತ್ತಾರೆ. ನೇರಳೆ ಹೋಗಿ ಹಳದಿಯಾದರೆ ಆಂಟಿಆಕ್ಸಿಡೆಂಟ್ ಇದೆ ಅಂತ. ಆದರೆ ಇದು ಗಾಜಿನ ಕೊಳವೆಯ ಲೆಕ್ಕ. ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇದು ಉತ್ತರವಲ್ಲ, ಜಾಹೀರಾತಿನವರು ಮಾತ್ರ ಇಲ್ಲಿಂದ ಸೀದಾ ಕ್ಯಾಪ್ಸೂಲಿಗೆ ಹಾರುತ್ತಾರೆ! ಪಾಪುವಾ ನ್ಯೂ ಗಿನಿಯ ಒಂದು ಮರದ ಒಳಗೆ, ಅದೂ ನಮ್ಮ ಮತ್ತಿ, ಅಳಲೆಯ ಬಳಗದ್ದೇ, ಇದ್ದ ಶಿಲೀಂಧ್ರದಿಂದ ಪೆಸ್ಟಾಸಿನ್ ಎಂಬ ವಸ್ತು ಸಿಕ್ಕಿತು. 2003ರಲ್ಲಿ ಅಳೆದಾಗ ಟ್ರೋಲಾಕ್ಸ್‌ಗಿಂತ, ಅಂದರೆ ವಿಟಮಿನ್ ಇ ಮಾದರಿಯ ವಸ್ತುವಿಗಿಂತ, 11 ಪಟ್ಟು ಜೋರಿತ್ತು. ಇದೂ ಕೊಳವೆಯದೇ ಲೆಕ್ಕ.

ಪ್ರಶ್ನೆ: ಹಾಗಾದರೆ ಗಿಡ ಬಿಟ್ಟು ಶಿಲೀಂಧ್ರವನ್ನೇ ಬೆಳೆಸಬಹುದಲ್ವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಸೆ ಅದೇ. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಕೊಡುವ ಯೂ ಮರದ ಒಳಗಿನ ಶಿಲೀಂಧ್ರವೂ ಅದನ್ನು ತಯಾರಿಸುತ್ತದೆ ಅಂತ 1993ರಲ್ಲೇ ವರದಿಯಾಯಿತು. ಸಿಕ್ಕಿದ್ದು ತೀರಾ ಕಡಿಮೆ. ಮೇಲಾಗಿ ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸಿದರೆ ಇಂಥ ಎಷ್ಟೋ ಶಿಲೀಂಧ್ರಗಳು ಕೆಲಸವನ್ನೇ ಮರೆಯುತ್ತವೆ, ಗಿಡದೊಳಗೆ ಸಿಗುತ್ತಿದ್ದ ಪ್ರಚೋದನೆ ತಟ್ಟೆಯಲ್ಲಿ ಸಿಗುವುದಿಲ್ಲ. ಮಾರುಕಟ್ಟೆಯ ಟ್ಯಾಕ್ಸಾಲ್ ಇವತ್ತಿಗೂ ಹೆಚ್ಚಾಗಿ ಯೂ ಎಲೆಯಿಂದಲೋ, ಅದರ ಜೀವಕೋಶ ಬೆಳೆಸಿಯೋ ಬರುತ್ತದೆ.

ಒಂದು ಲಾಭ ಮಾತ್ರ ಈಗಲೇ ಇದೆ. ಶಿಲೀಂಧ್ರಕ್ಕೆ ಉಗುರಿನಷ್ಟು ಎಲೆ ಸಾಕು, ಬೇರು ಕೀಳಬೇಕಿಲ್ಲ. ಔಷಧಿ ಗಿಡಗಳಿಗೆ ಹೆಸರಾದ ಗದಗಿನ ಕಪ್ಪತಗುಡ್ಡದಂಥ ಕಡೆ ಇದು ದೊಡ್ಡ ಮಾತು. ಹಾಗಂತ ಚೀಲ ಹಿಡಿದು ಹೊರಡಬೇಡಿ, 2019ರಿಂದ ಅದು ವನ್ಯಜೀವಿಧಾಮ, ಎಲೆ ಕೀಳಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.